ದೋಣಿಗಳು ಮೆಟ್ಟಿಲಿಳಿದ ಕಾಲುವೆ

ದೇವರಾಯನದುರ್ಗದ ಬೆಟ್ಟದ ಮೇಲೆ ಒಂದು ಒಳ್ಳೆಯ ಮಳೆ ಬಿತ್ತೆನ್ನಿ. ಒಂದು ಮಗ್ಗುಲಿಗೆ ಬಿದ್ದ ಹನಿ ಶಿಂಷೆಯ ಪಾಲಾಗಿ ಕಾವೇರಿಯನ್ನು ಸೇರುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಜಯಮಂಗಲಿಯಾಗಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಆಂಧ್ರದ ಹಿಂದೂಪುರದ ಕಡೆ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಆ ಪಿನಾಕಿನಿ ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಮತ್ತೊಮ್ಮೆ ನಮಗೆ ಮುಖ ತೋರಿಸಿ, ಅನಂತಪುರ, ಕಡಪ ಸೀಮೆಗಳನ್ನು ದಾಟಿ ನೆಲ್ಲೂರಿನ ಆಚೆ ಸಮುದ್ರಕ್ಕೆ ಬೀಳುತ್ತದೆ. ಶಿರಾ ಕಡೆಯ ಕಥೆಯೇ ಬೇರೆ. ಅಲ್ಲಿನ ನೀರು ಹಿರಿಯೂರಿನತ್ತ ಹರಿದು ವೇದಾವತಿಗೆ, ವೇದಾವತಿಯಿಂದ ತುಂಗಭದ್ರೆಗೆ, ತುಂಗಭದ್ರೆಯಿಂದ ಕೃಷ್ಣೆಗೆ ಸೇರುತ್ತದೆ.

ಮಧುಗಿರಿಯಿಂದ ಶಿರಾಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೆ ಎರಡು ಊರುಗಳ ಮಳೆನೀರು ಸಮುದ್ರ ಸೇರುವ ಜಾಗಗಳ ನಡುವೆ ನೂರಾರು ಕಿಲೋಮೀಟರುಗಳ ಅಂತರ. ಒಂಬತ್ತನೆಯ ತರಗತಿಯಲ್ಲಿ ನಕಾಶೆ ಬಿಡಿಸಿ, "ಈ ಎರಡು ನೀರು ಸಮುದ್ರಕ್ಕೆ ಮೊದಲು ಎಲ್ಲಾದರೂ ಸೇರುತ್ತವೆಯೇ?" ಎಂದು ಕೇಳಿದರೆ ಮಕ್ಕಳು ಇಲ್ಲ ಎನ್ನುತ್ತಾರೆ. ಪ್ರಕೃತಿಯ ಮಟ್ಟಿಗೆ ಅದು ಸರಿಯಾದ ಉತ್ತರ. ಆದರೆ ಮನುಷ್ಯ ಸುಮ್ಮನಿರಲಿಲ್ಲ. ಕರ್ನೂಲಿನ ಮೇಲ್ಗಡೆ ಸುಂಕೇಸುಲ ಎಂಬಲ್ಲಿ ತುಂಗಭದ್ರೆಗೆ ಅಡ್ಡಗಟ್ಟೆ ಕಟ್ಟಿ, ಅಲ್ಲಿಂದ ಸುಮಾರು 190 ಮೈಲಿ ಉದ್ದದ ಕಾಲುವೆ ತೋಡಿ, ಆ ನೀರನ್ನು ಪಿನಾಕಿನಿಯ ಕಣಿವೆಯಾದ ಕಡಪಕ್ಕೆ ತಂದುಬಿಟ್ಟ. ಇದೇ ಕರ್ನೂಲು–ಕಡಪ ಕಾಲುವೆ. ಅಲ್ಲಿಯವರ ಬಾಯಲ್ಲಿ ಕೆ.ಸಿ. ಕಾಲುವೆ. ದಾರಿಯಲ್ಲಿ ಸಿಗುವ ಕೆರೆಕಟ್ಟೆಗಳು, ಅಣೆಕಟ್ಟುಗಳು, ಬೇಸಗೆಯ ಬಿಸಿಲು ಇವನ್ನೆಲ್ಲ ತಪ್ಪಿಸಿಕೊಂಡು ಶಿರಾದ ಒಂದು ಹನಿ ಸುಂಕೇಸುಲ ತಲುಪಿತೆಂದರೆ, ಅದು ಕಡಪದಲ್ಲಿ ಕೊರಟಗೆರೆಯ ಹನಿಯನ್ನು ಭೇಟಿ ಮಾಡಬಹುದು!

ಈ ಕಾಲುವೆಯಲ್ಲಿ ನೀರಷ್ಟೇ ಅಲ್ಲ, ಒಂದು ಕಾಲಕ್ಕೆ ಸರಕಿನ ದೋಣಿಗಳೂ ಹೋಗುತ್ತಿದ್ದವು. ಇಲ್ಲೇ ಇರುವುದು ನನ್ನ ಇಂದಿನ ವಿಷಯ. ಕರ್ನೂಲು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 270 ಮೀಟರ್ ಎತ್ತರದಲ್ಲಿದೆ, ಕಡಪ ಸುಮಾರು 140 ಮೀಟರ್. ಇಷ್ಟು ಇಳಿಜಾರನ್ನು ದೋಣಿ ಇಳಿಯುವುದು ಹೇಗೆ? ಇಳಿದದ್ದು ಮತ್ತೆ ಹತ್ತುವುದು ಹೇಗೆ?

ದಸರಾ ರಜೆಯಲ್ಲಿ ಇಬ್ಬರು ಗೆಳೆಯರೊಡನೆ ನಾನು ಹೊರಟದ್ದು ಪಾವಗಡದಿಂದ. ಕಲ್ಯಾಣದುರ್ಗದ ಮೇಲೆ ಅನಂತಪುರ, ಅಲ್ಲಿಂದ ಹೆದ್ದಾರಿಯಲ್ಲಿ ಕರ್ನೂಲು. ದಾರಿಯುದ್ದಕ್ಕೂ ನಮ್ಮ ಸೀಮೆಯದೇ ಮುಂದುವರಿಕೆ: ಕಡಲೆಕಾಯಿ ಹೊಲ, ಬೋಳುಗುಡ್ಡ, ಬತ್ತಿದ ಹಳ್ಳ. ಪಾವಗಡದವರಿಗೆ ಭಾಷೆಯ ತೊಂದರೆಯೂ ಇಲ್ಲ. ಅವರಲ್ಲಿ ಎಷ್ಟೋ ಜನ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವವರು. ಕರ್ನೂಲು ತಲುಪಿದ ಮೇಲೆ ಎಲ್ಲರೂ ಕೊಂಡಾರೆಡ್ಡಿ ಬುರುಜಿನ ದಾರಿ ಹಿಡಿಯುತ್ತಾರೆ. ನಾವು ಕಾಲುವೆಯ ದಾರಿ ಕೇಳಿದೆವು. ಅಲ್ಲಿನ ಒಂದು ನೋಟ ವಿದ್ಯಾರ್ಥಿಗಳು ತಪ್ಪದೆ ನೋಡಬೇಕಾದದ್ದು. ಕೆಳಗೆ ಹಂದ್ರಿ ಎಂಬ ನದಿ. ಅದರ ಮೇಲೆ ಕಲ್ಲುಕಮಾನುಗಳ ಸೇತುವೆ. ಆ ಸೇತುವೆಯ ಮೇಲೆ ಬಸ್ಸಲ್ಲ, ರೈಲಲ್ಲ, ಕಾಲುವೆ! ನೀರಿನ ಮೇಲೆ ನೀರು ಅಡ್ಡಹಾಯುತ್ತದೆ, ಒಂದನ್ನೊಂದು ಮುಟ್ಟದೆ. ಪಟ್ಟಣದೊಳಗೆ ಕಾಲುವೆಯ ಸ್ಥಿತಿ ಮೂಗು ಮುಚ್ಚಿಕೊಳ್ಳುವಂತಿದೆ ಎಂಬುದನ್ನೂ ಹೇಳಬೇಕು. ಊರಿನಿಂದ ಸ್ವಲ್ಪ ದೂರ ನಡೆದರೆ ಮಾತ್ರ ಅದರ ಗಾಂಭೀರ್ಯ ತಿಳಿಯುವುದು.

ದೋಣಿಯ ಮೆಟ್ಟಿಲಿಗೆ ಇಂಗ್ಲಿಷಿನವರು ಇಟ್ಟ ಹೆಸರು ಲಾಕ್. ತೆಲುಗಿನವರು ಅದನ್ನು ತಮ್ಮದಾಗಿಸಿಕೊಂಡು 'ಲಾಕುಲು' ಎನ್ನುತ್ತಾರೆ. ಗೋದಾವರಿ, ಕೃಷ್ಣಾ ಮುಖಜ ಭೂಮಿಯ ಕಾಲುವೆಗಳ ಮೇಲೆ ಈ ಮಾತು ಮನೆಮಾತು. ಕನ್ನಡದಲ್ಲಿ ಲಾಕ್ ಎಂದರೆ ನಮ್ಮ ಮಕ್ಕಳಿಗೆ ನೆನಪಾಗುವುದು ಬೀಗ, ಇಲ್ಲವೆ ಮೊಬೈಲು. ನಮ್ಮಲ್ಲಿ ದೋಣಿ ಹೋಗುವ ಕಾಲುವೆಗಳೇ ಇರಲಿಲ್ಲವಾದ್ದರಿಂದ ಶಬ್ದವೂ ಹುಟ್ಟಲಿಲ್ಲ. ಆದರೆ ವಸ್ತು ಅಪರಿಚಿತವೇನಲ್ಲ. ಕೆರೆ ಏರಿಯ ತೂಬನ್ನು ಕಂಡವರು ಅರ್ಧ ಲಾಕನ್ನು ಕಂಡಂತೆಯೇ.

ಹೇಗೆಂದು ನೋಡೋಣ. ಒಂದು ಕಾಲುವೆ ಒಂದು ಕಡೆ ಮೂರು ಮೀಟರ್ ಧುಮುಕಬೇಕಾಗಿದೆ. ಹಾಗೆಯೇ ಬಿಟ್ಟರೆ ಅದು ಜಲಪಾತ. ದೋಣಿ ಹೋದರೆ ಚೂರುಚೂರು. ಆದ್ದರಿಂದ ಪಕ್ಕದಲ್ಲಿ ಕಲ್ಲುಗೋಡೆಯ ಒಂದು ಉದ್ದನೆಯ ಕೋಣೆ ಕಟ್ಟುತ್ತಾರೆ. ಕೋಣೆಗೆ ಎರಡು ಬಾಗಿಲು: ಒಂದು ಮೇಲಿನ ಕಾಲುವೆಯ ಕಡೆ, ಇನ್ನೊಂದು ಕೆಳಗಿನ ಕಾಲುವೆಯ ಕಡೆ. ಬಾಗಿಲುಗಳ ಬುಡದಲ್ಲಿ ಸಣ್ಣ ತೂಬುಗಳು. ಇಷ್ಟೇ ಸಾಮಗ್ರಿ.

ಮೇಲಿನಿಂದ ದೋಣಿ ಬಂತು. ಮೊದಲು ಕೆಳಬಾಗಿಲು ಮುಚ್ಚಿ ಮೇಲಿನ ತೂಬು ತೆರೆಯುತ್ತಾರೆ. ಕೋಣೆಯಲ್ಲಿ ನೀರು ತುಂಬಿ ಮೇಲಿನ ಕಾಲುವೆಯ ಮಟ್ಟಕ್ಕೆ ಬರುತ್ತದೆ. ಈಗ ಮೇಲಿನ ಬಾಗಿಲು ತೆರೆದರೆ ದೋಣಿ ಸಮತಟ್ಟಾಗಿ ಒಳಗೆ ಬರುತ್ತದೆ. ಮೇಲಿನ ಬಾಗಿಲನ್ನೂ ತೂಬನ್ನೂ ಮುಚ್ಚಿ, ಕೆಳಗಿನ ತೂಬು ಎತ್ತುತ್ತಾರೆ. ಕೋಣೆಯ ನೀರು ಕೆಳಗಿನ ಕಾಲುವೆಗೆ ಹೋಗುತ್ತಿದ್ದಂತೆ ದೋಣಿ ತಾನಾಗಿಯೇ ಮೆಲ್ಲಗೆ ಇಳಿಯುತ್ತದೆ. ಒಳಗೂ ಹೊರಗೂ ಮಟ್ಟ ಒಂದಾದಾಗ ಕೆಳಬಾಗಿಲು ತೆರೆಯುತ್ತದೆ, ದೋಣಿ ಹೊರಟುಹೋಗುತ್ತದೆ. ಹತ್ತುವ ದೋಣಿಗೆ ಇದೇ ಕ್ರಮ, ತಿರುಗುಮುರುಗಾಗಿ.

ಇಲ್ಲಿ ಒಂದು ತಪ್ಪು ಕಲ್ಪನೆ ಹುಟ್ಟುವುದುಂಟು. 'ಲಾಕ್ ನೀರನ್ನು ಮೇಲಕ್ಕೆ ಏರಿಸುತ್ತದೆ' ಎಂದು ಮಕ್ಕಳು ಬರೆಯುತ್ತಾರೆ. ಇಲ್ಲ, ನೀರು ಯಾವಾಗಲೂ ಕೆಳಕ್ಕೇ ಹೋಗುತ್ತದೆ, ಹತ್ತುವುದು ದೋಣಿ. ನೀರು ತಾನು ಇಳಿದು ದೋಣಿಯನ್ನು ಹತ್ತಿಸುತ್ತದೆ. ಪಂಪಿಲ್ಲ, ಎಂಜಿನ್ನಿಲ್ಲ, ಎತ್ತಿಲ್ಲ. ಒಂದು ತೂಬು ಎತ್ತಲು ಬೇಕಾದ ತೋಳ್ಬಲ ಮಾತ್ರ.

ಬಾಗಿಲಿನ ವಿಷಯ ಇನ್ನೂ ಸ್ವಾರಸ್ಯಕರ. ನೀರಿನ ಒತ್ತಡ ಆಳ ಹೆಚ್ಚಿದಂತೆ ಹೆಚ್ಚುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. ಮೂರು ಮೀಟರ್ ಅಗಲದ ಬಾಗಿಲಿನ ಒಂದು ಕಡೆ ನಾಲ್ಕು ಮೀಟರ್ ಆಳದ ನೀರು, ಇನ್ನೊಂದು ಕಡೆ ಖಾಲಿ ಎಂದಿಟ್ಟುಕೊಳ್ಳಿ. ಸರಾಸರಿ ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿ ನೋಡಿ: ಸುಮಾರು 24 ಟನ್ ಭಾರದಷ್ಟು ಬಲ! ಎರಡು ಲಾರಿ ಲೋಡು ಬಾಗಿಲಿಗೆ ಒರಗಿ ನಿಂತಂತೆ. ಅದನ್ನು ಎಂಥ ಪೈಲ್ವಾನನೂ ತೆರೆಯಲಾರ. ಅದೇ ಬಾಗಿಲಿನ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ಬಂದಿತೆನ್ನಿ. ಎಡದ ಬಲವನ್ನು ಬಲದ ಬಲ ಕಳೆದುಹಾಕುತ್ತದೆ, ಒಬ್ಬ ಮನುಷ್ಯ ಬೆನ್ನು ಕೊಟ್ಟು ನೂಕಿದರೆ ಸಾಕು. ಹಾಗಾಗಿ ಲಾಕನ್ನು ತಪ್ಪು ಕ್ರಮದಲ್ಲಿ ತೆರೆಯಲು ಹೋದರೆ ನೀರೇ ತಡೆಯುತ್ತದೆ. ಬೀಗ ಎಂಬ ಹೆಸರು ಇಲ್ಲಿ ಸಾರ್ಥಕ.

ಬಾಗಿಲುಗಳ ಆಕಾರದಲ್ಲೂ ಜಾಣ್ಮೆಯಿದೆ. ಎರಡು ಕದಗಳು ನೇರ ಗೆರೆಯಲ್ಲಿ ಮುಚ್ಚುವುದಿಲ್ಲ. ಮೇಲಿನ ನೀರಿನ ಕಡೆಗೆ ಚೂಪಾಗಿ, ಬಾಣದ ಮೊನೆಯಂತೆ ಕೂಡುತ್ತವೆ. ನೀರು ಒತ್ತಿದಷ್ಟೂ ಕದಗಳು ಒಂದಕ್ಕೊಂದು ಬಿಗಿಯುತ್ತವೆ. ಈ ಬಗೆಯ ಕದಗಳನ್ನು ಹದಿನೈದನೆಯ ಶತಮಾನದ ಕೊನೆಯಲ್ಲಿ ಮಿಲಾನಿನ ಕಾಲುವೆಗಳಿಗೆ ರೂಪಿಸಿದ ಕೀರ್ತಿಯನ್ನು ಚಿತ್ರಕಾರ ಲಿಯೊನಾರ್ಡೊ ಡ ವಿಂಚಿಗೆ ಕೊಡುತ್ತಾರೆ. ಎರಡು ಬಾಗಿಲಿನ ಕೋಣೆ ಮಾತ್ರ ಅದಕ್ಕಿಂತ ಐದು ಶತಮಾನ ಹಳೆಯದು. ಕ್ರಿ.ಶ. 984ರಲ್ಲಿ ಚೀನಾದ ಮಹಾಕಾಲುವೆಯ ಮೇಲೆ ಚಿಯಾವೊ ವೇಯುವೆ ಎಂಬ ಅಧಿಕಾರಿ ಅದನ್ನು ಕಟ್ಟಿಸಿದ. ಕಾರಣ ಕೇಳಿದರೆ ನಗು ಬರುತ್ತದೆ. ಅಲ್ಲಿಯವರೆಗೆ ದವಸದ ದೋಣಿಗಳನ್ನು ಇಳಿಜಾರು ಕಟ್ಟೆಯ ಮೇಲೆ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಎಳೆಯುವಾಗ ದೋಣಿ ಒಡೆಯುತ್ತಿತ್ತು, ಗಲಾಟೆಯಲ್ಲಿ ದವಸ ಕಳವಾಗುತ್ತಿತ್ತು. ಕಳ್ಳರ ಕಾಟ ತಪ್ಪಿಸಲು ಹುಟ್ಟಿದ ತಂತ್ರ ಇಂದು ಪನಾಮದಲ್ಲಿ ಮಹಾನೌಕೆಗಳನ್ನು ಎತ್ತುತ್ತಿದೆ.

ನಮ್ಮ ಕೆ.ಸಿ. ಕಾಲುವೆಗೆ ಮರಳೋಣ. ಗೋದಾವರಿಗೆ ದವಳೇಶ್ವರದಲ್ಲಿ 1847ರಿಂದ 1852ರವರೆಗೆ ಅಡ್ಡಗಟ್ಟೆ ಕಟ್ಟಿಸಿದ ಆರ್ಥರ್ ಕಾಟನ್ (1803–1899) ಹೆಸರನ್ನು ಕೇಳಿರುತ್ತೀರಿ. ಗೋದಾವರಿ ಸೀಮೆಯ ರೈತರು ಇಂದಿಗೂ ಆತನ ಪ್ರತಿಮೆಗೆ ಹಾರ ಹಾಕುತ್ತಾರೆ. ರೈಲಿಗೆ ಸುರಿಯುವ ಹಣವನ್ನು ಕಾಲುವೆಗೆ ಹಾಕಿ, ಅದೇ ನೀರು ಹೊಲವನ್ನೂ ನೆನೆಸುತ್ತದೆ, ದೋಣಿಯನ್ನೂ ಹೊರುತ್ತದೆ ಎಂಬುದು ಆತನ ಹಟ. ಆ ಯೋಚನೆಯ ನೆರಳಿನಲ್ಲೇ ಹುಟ್ಟಿದ್ದು ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ. ತುಂಗಭದ್ರೆಯಿಂದ ನೆಲ್ಲೂರು ಕರಾವಳಿಯವರೆಗೆ ದೋಣಿದಾರಿ ಮಾಡುವುದು ಮೊದಲ ಕನಸು. 1860ರ ದಶಕದಲ್ಲಿ ಕೆಲಸ ನಡೆದು, ಹಣ ಅಂದಾಜು ಮೀರಿ, ಕಾಲುವೆ ಕಡಪದಲ್ಲೇ ನಿಂತಿತು. ಲಾಭ ಬರಲಿಲ್ಲ. 1882ರಲ್ಲಿ ಸರ್ಕಾರ ಕಂಪನಿಯಿಂದ ಅದನ್ನು ಕೊಂಡುಕೊಂಡಿತು.

ದೋಣಿಗಳು ಏಕೆ ಉಳಿಯಲಿಲ್ಲ? ರೈಲು ಬಂತು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವವರಿದ್ದಾರೆ. ರೈಲು ಬಂದದ್ದು ನಿಜ, ಆದರೆ ನನಗೆ ಇನ್ನೊಂದು ಕಾರಣ ಮುಖ್ಯವಾಗಿ ಕಾಣುತ್ತದೆ. ದೋಣಿಗೂ ಹೊಲಕ್ಕೂ ಬೇಕಾದ ಕಾಲುವೆ ಒಂದೇ ಅಲ್ಲ. ದೋಣಿಗೆ ನಿಂತ ನೀರು ಬೇಕು, ವರ್ಷವಿಡೀ ಒಂದೇ ಆಳ ಬೇಕು. ಹೊಲಕ್ಕೆ ಹರಿಯುವ ನೀರು ಬೇಕು, ಬೆಳೆಯ ಹೊತ್ತಿಗೆ ಕಾಲುವೆ ಬರಿದಾದರೂ ಚಿಂತೆಯಿಲ್ಲ. ತುಂಗಭದ್ರೆಯೋ ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಸೊರಗುವ ನದಿ. ರೈತ ತೂಬು ತೆರೆದರೆ ದೋಣಿ ನೆಲ ಕಚ್ಚುತ್ತದೆ. ದೋಣಿಗೆಂದು ನೀರು ಹಿಡಿದಿಟ್ಟರೆ ಪೈರು ಒಣಗುತ್ತದೆ. ಈ ಜಗಳದಲ್ಲಿ ಹೊಲ ಗೆದ್ದಿತು. ಗೆದ್ದದ್ದೇ ಒಳ್ಳೆಯದಾಯಿತು. ಇಂದಿಗೂ ಕರ್ನೂಲು, ನಂದ್ಯಾಲ, ಕಡಪ ಜಿಲ್ಲೆಗಳ ಗದ್ದೆಗಳಿಗೆ ಆ ಕಾಲುವೆಯೇ ಆಧಾರ.

ಲಾಕ್ ನೀರು ಕುಡಿಯುತ್ತದೆ ಎಂಬುದನ್ನು ಬರದ ಸೀಮೆಯವರಾದ ನಾವು ಬೇಗ ಅರ್ಥಮಾಡಿಕೊಳ್ಳಬಲ್ಲೆವು. 30 ಮೀಟರ್ ಉದ್ದ, 5 ಮೀಟರ್ ಅಗಲದ ಕೋಣೆ, 3 ಮೀಟರ್ ಇಳಿತ. ಗುಣಿಸಿದರೆ 450 ಘನಮೀಟರ್, ಅಂದರೆ ನಾಲ್ಕೂವರೆ ಲಕ್ಷ ಲೀಟರ್. ದೋಣಿ ಒಂದು ಸಲ ಹಾದರೆ ಇಷ್ಟು ನೀರು ಮೇಲಿನಿಂದ ಕೆಳಕ್ಕೆ ಹೋಯಿತು, ಹೋದದ್ದು ತಿರುಗಿ ಬಾರದು. 2019ರಲ್ಲಿ ಆರಂಭವಾದ ಜಲಜೀವನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕವಿದೆ. ಆ ಪ್ರಕಾರ ಒಂದು ದೋಣಿಯ ಒಂದು ಮೆಟ್ಟಿಲು ಎಂದರೆ ಎಂಟು ಸಾವಿರ ಜನರ ಒಂದು ದಿನದ ನೀರು! ಪನಾಮ ಕಾಲುವೆಯನ್ನು ತೆಗೆದುಕೊಳ್ಳಿ. 1914ರಲ್ಲಿ ತೆರೆದ ಅದರ ಹಳೆಯ ಲಾಕ್‌ಗಳಲ್ಲಿ ಒಂದು ಹಡಗು ಹಾಯುವಾಗ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರದ ಪಾಲಾಗುತ್ತದೆ. 2011ರ ಜನಗಣತಿಯ ಪ್ರಕಾರ ತುಮಕೂರು ಜಿಲ್ಲೆಯ ಜನಸಂಖ್ಯೆ 26.8 ಲಕ್ಷ. ಇಡೀ ಜಿಲ್ಲೆಗೆ ಒಂದು ದಿನ ಹಂಚಿ ಇನ್ನೂ ಮಿಗುವಷ್ಟು ನೀರು ಒಂದು ಹಡಗಿಗೆ. 2016ರಲ್ಲಿ ತೆರೆದ ಹೊಸ ಲಾಕ್‌ಗಳ ಪಕ್ಕದಲ್ಲಿ ತೊಟ್ಟಿಗಳನ್ನು ಕಟ್ಟಿ, ಪ್ರತಿ ಸಲದ ನೀರಿನಲ್ಲಿ ನೂರಕ್ಕೆ 60 ಪಾಲನ್ನು ಮತ್ತೆ ಬಳಸುತ್ತಾರೆ. ಆದರೂ 2023ರಲ್ಲಿ ಅಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ ಹಾಯುವ ಹಡಗುಗಳ ಸಂಖ್ಯೆಯನ್ನು ಬಹಳಷ್ಟು ಇಳಿಸಬೇಕಾಯಿತು. ಬರ ಪಾವಗಡಕ್ಕೆ ಮಾತ್ರ ಬರುವುದಲ್ಲ.

"ಮೇಷ್ಟ್ರೇ, ನಮ್ಮ ಕೆರೆಗೇ ನೀರಿಲ್ಲ, ನೀವು ಹುಡುಗರಿಗೆ ದೋಣಿ ಪಾಠ ಹೇಳ್ತೀರಲ್ಲ" ಎಂದು ಒಬ್ಬ ತಂದೆ ನನ್ನನ್ನು ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆ. 2022ರ ಮಳೆಗಾಲದಲ್ಲಿ ನಮ್ಮ ಕಡೆಯ ಅನೇಕ ಕೆರೆಗಳು ಕೋಡಿ ಹರಿದವು, ಜನ ಬಾಗಿನ ಬಿಟ್ಟರು. ಅಂಥ ವರ್ಷ ಅಪರೂಪ. ಆದರೆ ಈಗ ನಮ್ಮ ತಾಲ್ಲೂಕುಗಳ ಮಾತೆಲ್ಲ ಕಾಲುವೆಯ ಮಾತೇ. ಶಿರಾ, ಪಾವಗಡಗಳಿಗೆ ಭದ್ರಾ ಮೇಲ್ದಂಡೆ, ಕೊರಟಗೆರೆಗೆ ಎತ್ತಿನಹೊಳೆ. ಎತ್ತಿನಹೊಳೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಉದ್ಘಾಟನೆಯಾಯಿತು. ಅದರ ಜಲಾಶಯಕ್ಕೆಂದು ಗುರುತಿಸಿದ ಕೊರಟಗೆರೆ ತಾಲ್ಲೂಕಿನ ಭೈರಗೊಂಡ್ಲು ಭಾಗದಲ್ಲಿ ಹೊಲ ಕಳೆದುಕೊಳ್ಳುವ ರೈತರು ಪರಿಹಾರಕ್ಕಾಗಿ ದನಿಯೆತ್ತುತ್ತ ಬಂದಿದ್ದಾರೆ. ಅವರ ಮಕ್ಕಳೂ ನಮ್ಮ ಶಾಲೆಗಳಲ್ಲೇ ಕೂತಿದ್ದಾರೆ. ನೀರು ಹೇಗೆ ಬರುತ್ತದೆ, ಎಷ್ಟು ಬರುತ್ತದೆ, ಏನು ವೆಚ್ಚದಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಲು ಅವರಿಗೆ ಬರಬೇಕೋ ಬೇಡವೋ?

ಲೆಕ್ಕ ಹೀಗಿದೆ. ಪತ್ರಿಕೆಯಲ್ಲಿ ದಿನವೂ ಓದುವ ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಅದನ್ನು ನೂರು ಮೀಟರ್ ಎತ್ತರಕ್ಕೆ ಎತ್ತಲು, ಪಂಪಿನಲ್ಲಿ ಒಂದಿಷ್ಟೂ ನಷ್ಟವಿಲ್ಲ ಎಂದುಕೊಂಡರೂ, ಸುಮಾರು 77 ಲಕ್ಷ ಯೂನಿಟ್ ವಿದ್ಯುತ್ ಬೇಕು. ಪಾವಗಡದ ತಿರುಮಣಿಯ ಸೌರ ಪಾರ್ಕ್ ಗೊತ್ತಲ್ಲ, 2018ರಲ್ಲಿ ಆರಂಭವಾಗಿ 2,050 ಮೆಗಾವಾಟ್‌ವರೆಗೆ ಬೆಳೆದದ್ದು? ಅದು ಪೂರ್ಣ ಶಕ್ತಿಯಲ್ಲಿ ಹೆಚ್ಚುಕಡಿಮೆ ನಾಲ್ಕು ಗಂಟೆ ದುಡಿದರೆ ಅಷ್ಟು ವಿದ್ಯುತ್. ಲಾಕಿನಲ್ಲಿ ನೀರು ಇಳಿದು ಕೆಲಸ ಮಾಡುತ್ತದೆ. ಏತ ನೀರಾವರಿಯಲ್ಲಿ ನೀರನ್ನು ಏರಿಸಲು ನಾವು ಕೆಲಸ ಮಾಡಬೇಕು. ಎರಡಕ್ಕೂ ಸೂತ್ರ ಒಂದೇ: ರಾಶಿ, ಗುರುತ್ವ, ಎತ್ತರ. ಚಿಹ್ನೆ ಮಾತ್ರ ಬೇರೆ.

ಪಿನಾಕಿನಿಯ ಬೆನ್ನು ಹಿಡಿದು ಇನ್ನೂ ಕೆಳಗಿಳಿದರೆ, ನೆಲ್ಲೂರಿನಾಚೆ ಸಮುದ್ರತೀರಕ್ಕೆ ಸಮಾನಾಂತರವಾಗಿ ಇನ್ನೊಂದು ದೋಣಿ ಕಾಲುವೆ ಅಡ್ಡ ಬರುತ್ತದೆ. ಅದೇ ಬಕಿಂಗ್‌ಹ್ಯಾಮ್ ಕಾಲುವೆ. 1806ರಲ್ಲಿ ಮದ್ರಾಸಿನಿಂದ ಎಣ್ಣೂರಿಗೆ ಉಪ್ಪು, ಸೌದೆ ಸಾಗಿಸಲು ಶುರುವಾದದ್ದು ಬೆಳೆಯುತ್ತ ಉತ್ತರದಲ್ಲಿ ಪೆದ್ದಗಂಜಾಂವರೆಗೆ, ದಕ್ಷಿಣದಲ್ಲಿ ಮರಕ್ಕಾಣಂವರೆಗೆ ಹರಡಿತು. ಅಲ್ಲಿ ಇಳಿಜಾರೇ ಇಲ್ಲ, ಮತ್ತೆ ಲಾಕ್ ಏಕೆ? ಉಬ್ಬರವಿಳಿತಕ್ಕಾಗಿ. ನದಿಬಾಯಿಗಳಲ್ಲಿ ಸಮುದ್ರ ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ. ಕಾಲುವೆಯ ಮಟ್ಟ ಅದರೊಡನೆ ಕುಣಿಯದಂತೆ ಲಾಕಿನ ಬಾಗಿಲು ತಡೆಯುತ್ತದೆ.

ಆ ಕಾಲುವೆಗೂ ನಮಗೂ ಒಂದು ಕಹಿ ನಂಟಿದೆ. 1876–78ರ ಬರ, ನಮ್ಮ ಹಿರಿಯರು ಧಾತು–ಈಶ್ವರ ಬರ ಎನ್ನುತ್ತಿದ್ದದ್ದು, ಮದ್ರಾಸನ್ನೂ ಮೈಸೂರನ್ನೂ ಒಟ್ಟಿಗೆ ಹಿಂಡಿತು. 1871ರಲ್ಲಿ 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41.9 ಲಕ್ಷಕ್ಕೆ ಇಳಿಯಿತು. ಅದೇ ಬರದಲ್ಲಿ ಮದ್ರಾಸ್ ನಗರದೊಳಗೆ ಅಡ್ಯಾರ್ ಮತ್ತು ಕೂವಂ ನದಿಗಳನ್ನು ಕೂಡಿಸುವ ತುಣುಕನ್ನು ಹಸಿದ ಕೂಲಿಗಳಿಂದ ತೋಡಿಸಿದರು. ಗವರ್ನರನಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕನ ಹೆಸರು ಕಾಲುವೆಗೆ ಬಂತು. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತುಮಾಡಿದ ಬರಪರಿಹಾರದ ಕೂಲಿ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕ, ಎಂದರೆ ಸುಮಾರು 450 ಗ್ರಾಂ. ಗುದ್ದಲಿ ಹಿಡಿದು ಮಣ್ಣು ಅಗೆಯುವವನಿಗೆ ಅಷ್ಟು! ಡ್ಯೂಕನ ಹೆಸರು ನಕಾಶೆಯಲ್ಲಿದೆ, ಅಗೆದವರ ಹೆಸರು ಎಲ್ಲೂ ಇಲ್ಲ. 1960ರ ದಶಕದ ಚಂಡಮಾರುತಗಳು ಆ ಕಾಲುವೆಯನ್ನು ಕೆಡಿಸಿದವು. ಚೆನ್ನೈನಲ್ಲಿ ಮೇಲ್ರೈಲಿನ ಕಂಬಗಳು ಅದರ ಒಡಲಲ್ಲೇ ನಿಂತವು. 2008ರಲ್ಲಿ ಅದನ್ನು ರಾಷ್ಟ್ರೀಯ ಜಲಮಾರ್ಗ 4ರ ಭಾಗವೆಂದು ಘೋಷಿಸಲಾಯಿತು.

ಇಷ್ಟು ದೂರ ಹೋಗಲಾಗದವರು ಲಾಕನ್ನು ಮನೆಯಲ್ಲೇ ಮಾಡಬಹುದು. ಎರಡು ಲೀಟರಿನ ಮೂರು ಪ್ಲಾಸ್ಟಿಕ್ ಬಾಟಲಿಗಳ ಕತ್ತನ್ನು ಕತ್ತರಿಸಿ ಮೂರು ಮೆಟ್ಟಿಲುಗಳ ಮೇಲೆ ಇಡಿ. ಔಷಧಿ ಅಂಗಡಿಯಲ್ಲಿ ಹೊಸ ಸಲೈನ್ ಕೊಳವೆ ಎರಡು ತನ್ನಿ, ಹರಿವನ್ನು ಹೆಚ್ಚುಕಡಿಮೆ ಮಾಡುವ ಸಣ್ಣ ಗಾಲಿ ಅದರಲ್ಲೇ ಇರುತ್ತದೆ. ಸೂಜಿಯನ್ನು ಮೊದಲೇ ತೆಗೆಸಿಬಿಡಿ. ಮೇಲಿನ ಬಾಟಲಿಯ ಬುಡದಿಂದ ನಡುವಿನದಕ್ಕೆ ಒಂದು ಕೊಳವೆ, ನಡುವಿನದರ ಬುಡದಿಂದ ಕೆಳಗಿನದಕ್ಕೆ ಇನ್ನೊಂದು. ಸೇರುವಲ್ಲಿ ಎಂ-ಸೀಲ್ ಮೆತ್ತಿ. ನಡುವಿನ ಬಾಟಲಿಯೇ ಲಾಕಿನ ಕೋಣೆ, ಗಾಲಿಗಳೇ ತೂಬು. ಅದರಲ್ಲಿ ಥರ್ಮೊಕೋಲಿನ ಚೂರೊಂದನ್ನು ತೇಲಿಬಿಟ್ಟು, ಮೇಲಿನ ಗಾಲಿ ಸಡಿಲಿಸಿ, ಕೆಳಗಿನದು ಬಿಗಿಯಿರಲಿ. ದೋಣಿ ಏರುತ್ತದೆ. ಮೇಲಿನದು ಬಿಗಿದು ಕೆಳಗಿನದು ಸಡಿಲಿಸಿ. ದೋಣಿ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ಸಡಿಲಿಸಿದರೆ ಏನಾಗುತ್ತದೆ ಎಂಬುದನ್ನು ಮಕ್ಕಳು ಹೇಗೂ ಮಾಡಿಯೇ ನೋಡುತ್ತಾರೆ. ಕೆಳಗೊಂದು ಬಟ್ಟೆ ಹಾಸಿರಿ.

ಆಮೇಲೆ ಒಂದು ಪ್ರಶ್ನೆ ಕೇಳಿ. ಥರ್ಮೊಕೋಲಿನ ಮೇಲೆ ಎರಡು ರೂಪಾಯಿ ನಾಣ್ಯವಿಟ್ಟು ಭಾರ ಮಾಡಿದರೆ, ಅದನ್ನು ಒಂದು ಗೇಣು ಏರಿಸಲು ಮೇಲಿನಿಂದ ಹೆಚ್ಚು ನೀರು ಬಿಡಬೇಕೇ? ಹತ್ತರಲ್ಲಿ ಒಂಬತ್ತು ಮಕ್ಕಳು ಬೇಕು ಎನ್ನುತ್ತಾರೆ, ದೊಡ್ಡವರೂ ಎನ್ನುತ್ತಾರೆ. ಅಳೆದು ನೋಡಿದರೆ ನೀರು ಅಷ್ಟೇ. ತೇಲುವ ವಸ್ತು ತನ್ನ ತೂಕದಷ್ಟು ನೀರನ್ನು ಮೊದಲೇ ಪಕ್ಕಕ್ಕೆ ಸರಿಸಿರುತ್ತದೆ. ಆಮೇಲೆ ಮಟ್ಟ ಏರಿಸಲು ಬೇಕಾದದ್ದು ಕೋಣೆಯ ವಿಸ್ತೀರ್ಣಕ್ಕೆ ಏರಿಕೆಯನ್ನು ಗುಣಿಸಿದಷ್ಟು ನೀರು ಮಾತ್ರ. ದೋಣಿಯಲ್ಲಿ ಹುಲ್ಲಿದ್ದರೂ ಅಷ್ಟೇ, ಕಬ್ಬಿಣವಿದ್ದರೂ ಅಷ್ಟೇ.

ಕರ್ನೂಲಿಗೆ ಹೋಗುವ ಮನಸ್ಸಿದ್ದವರು ಮಳೆಗಾಲ ಮುಗಿಯುವ ಹೊತ್ತಿಗೆ, ಕಾಲುವೆಯಲ್ಲಿ ನೀರಿರುವಾಗ ಹೋಗಿ. ಪಾವಗಡದಿಂದ ಬೆಳಗಿನ ಬಸ್ಸು ಹಿಡಿದರೆ ಸಂಜೆಯೊಳಗೆ ಹಂದ್ರಿಯ ಮೇಲಿನ ಕಮಾನುಗಳನ್ನು ನೋಡಬಹುದು. ಮರುದಿನ ಸುಂಕೇಸುಲ. ಅಲ್ಲಿ ತುಂಗಭದ್ರೆ ಅಗಲವಾಗಿ ಹರಡಿಕೊಂಡಿರುತ್ತದೆ, ಕಾಲುವೆ ಅದರ ಮಗ್ಗುಲಿನಿಂದ ಸದ್ದಿಲ್ಲದೆ ಹೊರಡುತ್ತದೆ.